ನೀರು ಕಂಡರಾಗದ ಕಡಲವಾಸಿ

ಕರಾವಳಿಯಲ್ಲಿ ಹುಟ್ಟಿದವರಿಗೆಲ್ಲ ಈಜು ಬರುತ್ತದೆ ಎಂಬುದು ಘಟ್ಟದ ಮೇಲಿನವರ ನಂಬಿಕೆ. ರಜೆ ಬಂತೆಂದರೆ ತುಮಕೂರಿನ ಭಾವಮೈದುನ ಸಂಸಾರ ಸಮೇತ ಹೊನ್ನಾವರಕ್ಕೆ ಇಳಿಯುತ್ತಾನೆ. ಬ್ಯಾಗು ಒಳಗಿಡುವ ಮೊದಲೇ, "ಭಾವ, ಬನ್ನಿ, ಸಮುದ್ರಕ್ಕೆ ಬೀಳೋಣ" ಎನ್ನುತ್ತಾನೆ. ಅವನು ಬೀಳುತ್ತಾನೆ. ನಾನು ಪಂಚೆ ಎತ್ತಿ ಕಟ್ಟಿ, ಒಣ ಮರಳಿನ ಮೇಲೆ ನಿಂತು ಅವನ ಕನ್ನಡಕ, ಮೊಬೈಲು, ಚಪ್ಪಲಿಗಳನ್ನು ಕಾಯುತ್ತೇನೆ. ಕಡಲನ್ನು ಬಲ್ಲವರು ಅದರಿಂದ ನಾಲ್ಕು ಮಾರು ದೂರವೇ ಇರುತ್ತಾರೆಂದರೆ ಯಾರೂ ಕೇಳುವುದಿಲ್ಲ.

ನನ್ನ ಪರ ಸಾಕ್ಷಿ ಹೇಳುವವರೊಬ್ಬರು ಶರಾವತಿಯ ಅಳಿವೆಯಲ್ಲಿದ್ದಾರೆ. ಅಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಹಲಗೆ ಹಾಸಿ ದಾರಿ ಮಾಡಿದ್ದಾರೆ. ಹಕ್ಕಿ ನೋಡುವುದನ್ನು ಬಿಟ್ಟು ಪಕ್ಕದ ಕಾಂಡ, ಎಲೆಗಳನ್ನು ನೋಡಿ. ಹೆಬ್ಬೆರಳ ತುದಿಯಷ್ಟು ದೊಡ್ಡ, ಕಂದು ಗೀರಿನ ಚೂಪು ಚಿಪ್ಪುಗಳು ಅಂಟಿಕೊಂಡಿರುತ್ತವೆ. ಇದೇ ಕಡಲ ಬಸವನಹುಳು. ಲಿನೇಯಸ್ 1758ರಲ್ಲೇ ಇದಕ್ಕೆ ಹೆಸರಿಟ್ಟ. ಇಂದಿನ ಹೆಸರು ಲಿಟ್ಟೊರೇರಿಯಾ ಸ್ಕಾಬ್ರಾ.

ಹೆಸರಿಗೆ ಕಡಲಿನದು, ಆದರೆ ಭರತ ಏರಿದಂತೆ ಇದೂ ಮರ ಏರುತ್ತದೆ. ಇಳಿತ ಬಂದಾಗ ಕೆಳಗೆ ಬಂದು ತೊಗಟೆಯ ಮೇಲಿನ ಪಾಚಿ, ಬೂಷ್ಟು ಕೆರೆದು ತಿನ್ನುತ್ತದೆ. ಮತ್ತೆ ನೀರು ಬಂದರೆ ಮತ್ತೆ ಮೇಲೆ. ಕಿವಿರಿದ್ದೂ ಈ ಹಟ! ಹಟಕ್ಕೆ ಕಾರಣವಿದೆ: ನೀರಿನ ಜೊತೆಗೆ ಚಿಪ್ಪು ಒಡೆಯುವ ಏಡಿ, ಮೀನುಗಳೂ ಬರುತ್ತವೆ. ಇದನ್ನು ಭಾವಮೈದುನನಿಗೆ ವಿವರಿಸಿದೆ. "ಹಾಗಾದ್ರೆ ನೀವೂ ಒಂದ್ಸಲ ಮರ ಹತ್ತಿ ತೋರಿಸಿ ಭಾವ" ಎಂದ. ವಾದ ಅಲ್ಲಿಗೆ ನಿಂತಿತು.

ಮೇಲೆ ಹತ್ತಿದ ಮೇಲೆ ಬಿಸಿಲಿನ ಕಾಟ. ಅದಕ್ಕೂ ಉಪಾಯವುಂಟು. ಚಿಪ್ಪಿನ ಬಾಯಂಚನ್ನು ಲೋಳೆಯಿಂದ ಮರಕ್ಕೆ ಅಂಟಿಸಿ, ಪಾದ ಒಳಗೆಳೆದು, ಬಾಗಿಲಿನಂಥ ಮುಚ್ಚಳ ಹಾಕಿಕೊಂಡರೆ ಒಳಗಿನ ತೇವ ಹೊರಗೆ ಹೋಗದು. ಇದರ ಬಂಡೆವಾಸಿ ದಾಯಾದಿಗಳು ಇನ್ನೂ ಗಟ್ಟಿಗರು. ಕಾದ ಬಂಡೆಗೆ ಮೈ ತಾಗದಂತೆ ಚಿಪ್ಪಿನ ಅಂಚೊಂದನ್ನೇ ಅಂಟಿಸಿ ನೆಟ್ಟಗೆ ನಿಲ್ಲುತ್ತವೆ. ಅವುಗಳಲ್ಲಿ ಕೆಲವು 50 ಡಿಗ್ರಿ ಕಾವನ್ನೂ ತಡೆಯಬಲ್ಲವು. ನನಗೆ ಮೂವತ್ತೈದಕ್ಕೇ ಫ್ಯಾನು ಬೇಕು.

ಲೋಳೆಯ ವಿಷಯದಲ್ಲಿ ಈ ವಂಶದವರು ಮಹಾ ಜುಗ್ಗರು. ಅದನ್ನು ತಯಾರಿಸಲು ಬಹಳ ಶಕ್ತಿ ಬೇಕು. ಆದ್ದರಿಂದ ಮುಂದೆ ಹೋದವರು ಬಿಟ್ಟ ಜಾಡಿನ ಮೇಲೇ ಹಿಂದಿನವರು ಜಾರಿಕೊಂಡು ಹೋಗಿ ಖರ್ಚು ಉಳಿಸುತ್ತಾರೆ. ಗಂಡು ಹೆಣ್ಣಿನ ಜಾಡು ಹಿಡಿದು ಹೋಗುವುದೂ ಉಂಟು, ಆದರೆ ಅದು ಉಳಿತಾಯದ ಲೆಕ್ಕಕ್ಕೆ ಬಾರದು.

ಇಷ್ಟೆಲ್ಲ ನೀರು ತಪ್ಪಿಸಿಕೊಂಡು ಬಾಳುವ ಈ ತಾಯಿ, ಮೊಟ್ಟೆಗಳನ್ನು ಮೈಯೊಳಗೇ ಕಾಪಾಡಿ, ಈಜಬಲ್ಲ ಮರಿಗಳಾದ ಮೇಲೆ ಅವನ್ನು ಬಿಡುವುದು ಮಾತ್ರ ಸಮುದ್ರಕ್ಕೇ. ಈಜು ಬಾರದ ನಮ್ಮೂರ ಅಪ್ಪಂದಿರು ಬೇಸಿಗೆ ಶಿಬಿರದಲ್ಲಿ ಮಕ್ಕಳನ್ನು ಕೊಳಕ್ಕೆ ದೂಡಿ, ತಾವು ಬೆಂಚಿನ ಮೇಲೆ ಕೂತು "ಕಾಲು ಬಡಿ, ಕಾಲು ಬಡಿ" ಎಂದು ಕೂಗುವುದಿಲ್ಲವೇ, ಹಾಗೆ. ಇದು ಕೂಗುವುದಿಲ್ಲ, ಅಷ್ಟೇ ವ್ಯತ್ಯಾಸ.