ಕರೆಂಟ್ ಹೋಗಲೆಂದು ಕಾಯುವ ಕಾಕಾ

ಸಂಜೆ ಏಳರ ಹೊತ್ತಿಗೆ ಪಟ್ಟದಕಲ್ಲಿನಲ್ಲಿ ಕರೆಂಟ್ ಹೋಯಿತೆನ್ನಿ. ಟೀವಿ ಮುಂದೆ ಕೂತವರು ಕರೆಂಟಿನವರ ಕುಲಗೋತ್ರ ಎತ್ತುತ್ತಾರೆ, ಹುಡುಗರು ಪುಸ್ತಕ ಮುಚ್ಚಿ ಅಂಗಳಕ್ಕೆ ಜಿಗಿಯುತ್ತಾರೆ, ಮುದುಕಿಯರು ಎಲೆ ಅಡಿಕೆ ಚೀಲ ಹಿಡಿದು ಕಟ್ಟೆಗೆ ಬರುತ್ತಾರೆ. ಕರೆಂಟ್ ಕಾಕಾ ಮಾತ್ರ ಕುರ್ಚಿಯಿಂದ ಎದ್ದು, ಧೋತರದ ಚುಂಗು ಸರಿಮಾಡಿಕೊಂಡು, ಗಡಿಯಾರ ನೋಡಿ, ಗೋಡೆಗೆ ದಾರ ಕಟ್ಟಿ ತೂಗುಬಿಟ್ಟ ವಹಿಯಲ್ಲಿ ವೇಳೆ ಬರೆಯುತ್ತಾನೆ. ಮುಖದಲ್ಲಿ ಮುಚ್ಚಿಡಲಾಗದ ಸಂತೋಷ.

ಇಂಥವರು ನಮ್ಮೂರೊಂದರ ಆಸ್ತಿಯಲ್ಲ. ಹುನಗುಂದದಲ್ಲಿ ನಾಲ್ಕು ಮಂದಿ ಸಿಗುತ್ತಾರೆ, ಇಳಕಲ್ಲಿನಲ್ಲಿ ಓಣಿಗೊಬ್ಬರು, ಬಾಗಲಕೋಟೆಯ ನವನಗರದಲ್ಲಿ ಸೆಕ್ಟರಿಗೊಬ್ಬರು. ಬಹುತೇಕರು ನಿವೃತ್ತರು. ಮಾಸ್ತರಿಕೆಯೋ, ಸೊಸೈಟಿ ಲೆಕ್ಕವೋ, ಟಪಾಲು ಕಚೇರಿಯೋ ಮುಗಿಸಿದವರು. ಪಿಂಚಣಿ ಬರುತ್ತದೆ, ಮಕ್ಕಳು ಪುಣೆ-ಬೆಂಗಳೂರಿನಲ್ಲಿರುತ್ತಾರೆ, ಅಂಗಿಯ ಕಿಸೆಯಲ್ಲಿ ಪೆನ್ನಿನ ಪಕ್ಕ ಟೆಸ್ಟರ್ ಇರುತ್ತದೆ. ಆ ಟೆಸ್ಟರ್ ಕಣ್ಣಿಗೆ ಬಿತ್ತೆಂದರೆ ನಿಮ್ಮ ಅರ್ಧ ತಾಸು ಹೋಯಿತೆಂದೇ ತಿಳಿಯಿರಿ.

ಕಾಕಾನ ಮನೆಗೆ ಕರೆಂಟು ಮೂರು ಕಡೆಯಿಂದ ಬರುತ್ತದೆ. ಬೀದಿಯ ಕಂಬದಿಂದ ಒಂದು, ಸ್ಲ್ಯಾಬಿನ ಮೇಲಿನ ನಾಲ್ಕು ಸೋಲಾರ್ ಪ್ಯಾನೆಲ್ಲುಗಳಿಂದ ಒಂದು, ಹಿತ್ತಲಿನ ತಗಡಿನ ಗೂಡಿನಲ್ಲಿ ಕೂತ ಪುಟ್ಟ ಜನರೇಟರಿನಿಂದ ಇನ್ನೊಂದು. ಮೂರೂ ಬಂದು ಸೇರುವುದು ಪಡಸಾಲೆಯ ಇನ್ವರ್ಟರಿಗೆ. ಅದರ ಕೆಳಗೆ ಎರಡು ಟ್ಯೂಬುಲರ್ ಬ್ಯಾಟರಿ. ಎಲ್ಲ ಒಂದೇ ಸಲಕ್ಕೆ ಬಂದದ್ದಲ್ಲ. ಇನ್ವರ್ಟರುಗಳಲ್ಲಿ ಮೊದಲು ಬಂದದ್ದು ಸ್ಕ್ವೇರ್ ವೇವ್. ಅದರ ಮೇಲೆ ಫ್ಯಾನ್ ಹಚ್ಚಿದರೆ ಗುಂಯ್ ಅನ್ನುತ್ತಿತ್ತು, ಕಾಕಾ ಅದನ್ನು 'ಓಂಕಾರ' ಅನ್ನುತ್ತಿದ್ದ. ಆಮೇಲೆ ಸೈನ್ ವೇವ್ ಬಂತು, ಓಂಕಾರ ನಿಂತಿತು. ಆಮೇಲೆ ಪ್ಯಾನೆಲ್ ಬಂದವು, ಹಳೆ ಇನ್ವರ್ಟರಿಗೆ ಹೊಂದಲಿಲ್ಲವೆಂದು ಹೈಬ್ರಿಡ್ ಬಂತು. ಜನರೇಟರ್ ಮಾತ್ರ ಎಲ್ಲರಿಗಿಂತ ಹಿರಿಯ. ಪೆಟ್ರೋಲಿನಲ್ಲಿ ಚಾಲೂ ಮಾಡಿ ಸೀಮೆಎಣ್ಣೆಯಲ್ಲಿ ಓಡಿಸುವ ಜಾತಿಯದು. ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆ ನಿಂತ ಮೇಲೆ ಪೆಟ್ರೋಲನ್ನೇ ಕುಡಿಯುತ್ತ ಕೂತಿದೆ.

ನಮ್ಮೂರ ಗುಡಿ ನೋಡಲು ಬಂದವರಿಗೆ ಗೈಡ್‌ಗಳು ಮೊದಲು ತೋರಿಸುವುದೇ ನಾಗರ ಶಿಖರ, ದ್ರಾವಿಡ ಶಿಖರ ಎರಡೂ ಒಂದೇ ಅಂಗಳದಲ್ಲಿ ಎದ್ದು ನಿಂತದ್ದನ್ನು. ಪಾಪನಾಥ ಗುಡಿಯಲ್ಲಂತೂ ಎರಡೂ ಒಂದೇ ಕಟ್ಟಡದೊಳಗೆ ಬೆರೆತಿವೆ. 1987ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರುವಾಗ ಈ ಬೆರಕೆಯೇ ದೊಡ್ಡ ಹೆಗ್ಗಳಿಕೆಯಾಯಿತು. ಕಾಕಾನ ಪಡಸಾಲೆಯ ಗೋಡೆಯೂ ಪಾಪನಾಥನ ಪಂಥದ್ದೇ. ಯುನೆಸ್ಕೋದವರು ಇನ್ನೂ ಬಂದಿಲ್ಲ, ಅಷ್ಟೆ.

ಕಾಕಾ ಗುಡಿಗೆ ಹೋಗುವುದಿಲ್ಲವೆಂದಲ್ಲ. ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷನ ಗುಡಿಯಲ್ಲಿ ಮೂಡಣ ದಿಕ್ಕಿನ ಮುಖಮಂಟಪದ ಚಾವಣಿ ನೋಡಿದರೆ, ರಥ ಏರಿದ ಸೂರ್ಯ, ರಥಕ್ಕೆ ಏಳು ಕುದುರೆ. ಬೆಂಗಳೂರಿನಿಂದ ಬಂದ ಬೀಗರಿಗೆ ಕಾಕಾ ಅದನ್ನು ತೋರಿಸಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. "ಎಣಿಸ್ರಿ ಬೀಗರ, ಏಳು ಕುದುರಿ ಅದಾವು. ಒಂದು ಹಾರ್ಸ್ ಪವರಿಗೆ 746 ವ್ಯಾಟ್. ಏಳಕ್ಕ ಎಷ್ಟಾತು? ಐದು ಸಾವಿರದ ಎರಡನೂರಾ ಇಪ್ಪತ್ತೆರಡು. ಅಂದ್ರ ಸೂರ್ಯಂದು ಐದು ಕಿಲೋವ್ಯಾಟ್ ಸಿಸ್ಟಮ್! ನಮ್ಮನಿ ಮ್ಯಾಲ ಇರೋದು ಬರೇ 1,320 ವ್ಯಾಟ್. ಎರಡು ಕುದುರಿ ಸೈತ ತುಂಬಂಗಿಲ್ಲ ನೋಡ್ರಿ." ಬೀಗರು ಕೈಮುಗಿದರು. ಸೂರ್ಯನಿಗೋ ಕಾಕಾನಿಗೋ ತಿಳಿಯಲಿಲ್ಲ.

ಬನಶಂಕರಿ ಜಾತ್ರೆಯಲ್ಲೂ ಇದೇ ಕತೆ. ಬನದ ಹುಣ್ಣಿಮೆಗೆ ಜನ ಹೋಗುವುದು ತೇರಿಗೆ, ಬಾಗಿಲು ಚೌಕಟ್ಟು ಕೊಳ್ಳಲಿಕ್ಕೆ, ರಾತ್ರಿಯಿಡೀ ನಾಟಕ ನೋಡಲಿಕ್ಕೆ. ಕಾಕಾ ಟಿಕೀಟು ತೆಗೆದುಕೊಂಡು ಒಳಗೆ ಹೋಗಿ, ಮೊದಲ ಪ್ರವೇಶಕ್ಕೇ ಎದ್ದು, ಥೇಟರಿನ ಹಿಂದೆ ಜನರೇಟರ್ ಗಾಡಿಯ ಹತ್ತಿರ ಕೂತುಬಿಡುತ್ತಾನೆ. ಯಾವ ಕಂಪನಿಯ ನಾಟಕ ಚೆನ್ನಾಗಿತ್ತು ಎಂದು ಕೇಳಿದರೆ ಅವನು ಹೇಳುವುದು ಜನರೇಟರ್ ಕಂಪನಿಯ ಹೆಸರು.

ಕಾಕಾನ ಹೆಂಡತಿ ಚಿಗವ್ವನ ತವರು ಇಳಕಲ್. ನೇಕಾರರ ಮನೆತನ. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದೊಂದು ಎಳೆಯನ್ನೂ ಕೊಂಡಿ ಹಾಕಿ ಕೂಡಿಸಬೇಕು. ಅದನ್ನು ನೋಡುತ್ತ ಬೆಳೆದವಳಿಗೆ ಕಾಕಾ ವೈರಿಗೆ ವೈರು ಹೊಸೆದು ಕಪ್ಪು ಟೇಪು ಸುತ್ತುವುದನ್ನು ನೋಡಿದರೆ ಮೈ ಉರಿಯುತ್ತದೆ. "ನಮ್ಮಪ್ಪ ಸಾವಿರಾರು ಎಳಿ ಕೂಡಸ್ತಿದ್ದ, ಎಲ್ಲಿ ಕೂಡಸ್ಯಾನ ಅಂತ ತಿಳೀತಿರಲಿಲ್ಲ. ಇವರು ಎರಡು ವೈರ್ ಕೂಡಿಸಿದ್ರ ಗ್ವಾಡಿಗೆ ಗಂಟು ಮೂಡ್ತೈತಿ. ಮ್ಯಾಲ ನಮ್ಮ ಕೈಮಗ್ಗಕ್ಕ ಕರೆಂಟ ಬೇಕಾಗಿಲ್ಲ."

ಅವಳ ದೊಡ್ಡ ತಕರಾರು ಬೇರೆಯೇ. 2023ರ ಗೃಹಜ್ಯೋತಿಯಿಂದ ಮನೆಯ ಬಿಲ್ಲು ಸೊನ್ನೆ. ಇನ್ನೂರು ಯೂನಿಟ್ಟಿನ ತನಕ ಸರ್ಕಾರ ಕೊಡುತ್ತದೆ. ಗಂಡಹೆಂಡಿರಿಬ್ಬರೇ ಇರುವ ಮನೆಯಲ್ಲಿ ಅದರ ಕಾಲುಭಾಗವೂ ಸುಡುವುದಿಲ್ಲ. "ಪುಕಟ ಬರೋ ಕರೆಂಟ ಉಳಸಾಕ ಲಕ್ಷ ರೂಪಾಯಿ ಸುರದಾರ ನಿಮ್ಮ ಕಾಕಾ" ಎಂದು ಅವಳು ಬಂದವರಿಗೆಲ್ಲ ಚಹಾದ ಜೊತೆಗೆ ಹೇಳುತ್ತಾಳೆ. ಲೆಕ್ಕ ಹಾಕಿದರೆ ಅವಳ ಮಾತೇ ಖರೆ. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿ ಎರಡು ಸೇರಿದರೆ 3.6 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ಇಪ್ಪತ್ತೊಂದು, ಇಪ್ಪತ್ತೆರಡು ರೂಪಾಯಿಯ ಮಾಲು. ಅದನ್ನಿಡಲು ಮೂವತ್ತು ಸಾವಿರದ ಡಬ್ಬಿ! ಅದರಲ್ಲೂ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬ್ಯಾಟರಿಯ ಆಯುಸ್ಸು ಕಡಿಮೆಯಾಗುತ್ತದೆಂದು ಕಾಕಾ ಹತ್ತು ರೂಪಾಯಿ ಮುಗಿಯುತ್ತಲೇ ಕೈ ತಡೆಯುತ್ತಾನೆ.

ಬ್ಯಾಟರಿಗಳ ಆರೈಕೆ ಬಾಣಂತಿಯ ಆರೈಕೆ. ಬಿಸಿಲು ತಾಗಬಾರದು, ಗಾಳಿ ಆಡಬೇಕು, ಹೊತ್ತಿಗೆ ಸರಿಯಾಗಿ ಕುಡಿಯಲು ಬೇಕು, ಅದೂ ಡಿಸ್ಟಿಲ್ಡ್ ವಾಟರೇ ಆಗಬೇಕು. ಬೋರ್‌ವೆಲ್ ನೀರು ಹಾಕಿದರೆ ಅದರಲ್ಲಿನ ಉಪ್ಪು ಒಳಗಿನ ಸೀಸದ ಪ್ಲೇಟನ್ನು ಹಾಳುಮಾಡುತ್ತದೆ. ಅಮಾವಾಸ್ಯೆಗೊಮ್ಮೆ ಕಾಕಾ ಹೈಡ್ರೋಮೀಟರ್ ಎಂಬ ಗಾಜಿನ ಪಿಚಕಾರಿ ಹಿಡಿದು ಕೂರುತ್ತಾನೆ. ಆಸಿಡ್ ಮೇಲಕ್ಕೆಳೆದು, ಒಳಗಿನ ತೇಲುಗಡ್ಡಿ ಎಲ್ಲಿಗೆ ನಿಂತಿತೆಂದು ಒಂದು ಕಣ್ಣು ಮುಚ್ಚಿ ನೋಡುತ್ತಾನೆ. "1250, ಅಡ್ಡಿ ಇಲ್ಲ!" ಮುಚ್ಚಳ ಹಾಕುತ್ತಾನೆ, ವ್ಯಾಸಲೀನ್ ಸವರುತ್ತಾನೆ. ಧೋತರಕ್ಕೆ ಬಿದ್ದ ಆಸಿಡ್ ತೂತುಗಳನ್ನು ಚಿಗವ್ವ ಎಣಿಸುತ್ತಾಳೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಗುಡಿಗಳ ಅಂಗಳಕ್ಕೇ ನುಗ್ಗಿದಾಗ ಕಾಕಾನ ಮನೆಯಲ್ಲಿ ಮೊದಲು ಮಹಡಿ ಏರಿದ್ದು ಐವತ್ತು ಕಿಲೋ ಮೇಲ್ಪಟ್ಟು ತೂಗುವ ಆ ಬ್ಯಾಟರಿಗಳು, ಆಮೇಲೆ ಜೋಳದ ಚೀಲ, ಆಮೇಲೆ ಚಿಗವ್ವ. ಈ ಅನುಕ್ರಮವನ್ನು ಅವಳು ಇನ್ನೂ ಮರೆತಿಲ್ಲ.

ಮೂರು ಕಡೆಯಿಂದ ಕರೆಂಟ್ ಬರುವ ಮನೆಯಲ್ಲಿ ಸುಖವಾಗಿ ಏನಾದರೂ ಹಚ್ಚಬಹುದೆಂದು ನೀವು ತಿಳಿದರೆ ಅದು ತಪ್ಪು. ಕರೆಂಟ್ ಇಲ್ಲದಾಗ ಮಿಕ್ಸರ್ ಬ್ಯಾಡ, ಓವರ್‌ಲೋಡ್ ಆಗತೈತಿ. ಇಸ್ತ್ರಿ ಪೆಟ್ಟಿಗೆಯ ಹೆಸರೆತ್ತಬಾರದು. ಗೀಜರ್ ಕೇಳಿದರೆ ಕಾಕಾ ಎದೆ ಹಿಡಿದುಕೊಳ್ಳುತ್ತಾನೆ. ಹೀಗಾಗಿ ಊರಲ್ಲೆಲ್ಲ ಹೆಚ್ಚು ಕರೆಂಟ್ ಇರುವ ಮನೆಯಲ್ಲಿ ಶೇಂಗಾ ಚಟ್ನಿ ಒಳಕಲ್ಲಿನಲ್ಲಿ, ಸ್ನಾನದ ನೀರು ಕಟ್ಟಿಗೆ ಒಲೆಯ ಹಂಡೆಯಲ್ಲಿ. ಸ್ಲ್ಯಾಬಿನ ಮೇಲೂ ನೆಮ್ಮದಿ ಇಲ್ಲ. ಪ್ಯಾನೆಲ್ಲುಗಳನ್ನು ದಕ್ಷಿಣಕ್ಕೆ ಮುಖ ಮಾಡಿ, ಊರಿನ ಅಕ್ಷಾಂಶಕ್ಕೆ ಸರಿಯಾಗಿ ಹದಿನಾರು ಡಿಗ್ರಿ ಬಾಗಿಸಿ ಇಟ್ಟಿದ್ದಾನೆ. ಅವುಗಳ ನೆರಳು ಬೀಳುವುದು ಚಿಗವ್ವ ಸಂಡಿಗೆ ಹಾಕುವ ಜಾಗದಲ್ಲಿ. ಬಿಸಿಲು ಯಾರದೆಂಬ ಜಗಳ ಪ್ರತಿ ಬೇಸಿಗೆಯಲ್ಲೂ ನಡೆಯುತ್ತದೆ, ತೀರ್ಪು ಕೊಡುವುದು ಮಂಗ್ಯಾಗಳು: ಸಂಡಿಗೆ ತಿಂದು, ಪ್ಯಾನೆಲ್ ಮೇಲೆ ಕೂತು ಕೈ ಒರೆಸಿಕೊಂಡು ಹೋಗುತ್ತವೆ.

ಒಂದು ವಿಷಯದಲ್ಲಿ ಮಾತ್ರ ಕಾಕಾನನ್ನು ನಾನು ನಗೆಯಾಡಲಾರೆ. ಮೀಟರಿನ ಪಕ್ಕದಲ್ಲಿ ಅಂಗೈ ಅಗಲದ ಒಂದು ಹಿಡಿಕೆ ಇದೆ, ಚೇಂಜ್‌ಓವರ್ ಸ್ವಿಚ್. ಮೇಲಕ್ಕೆತ್ತಿದರೆ ಹೆಸ್ಕಾಂ, ಕೆಳಗಿಳಿಸಿದರೆ ಜನರೇಟರ್, ನಡುವೆ ಸೊನ್ನೆ. ಎರಡೂ ಒಟ್ಟಿಗೆ ಕೂಡುವಂತೆಯೇ ಇಲ್ಲ. ಎರಡೂ ತುದಿಗೆ ಪಿನ್ನು ಇರುವ ವೈರ್ ಮಾಡಿ ಜನರೇಟರಿನ ಕರೆಂಟನ್ನು ಸೀದಾ ಗೋಡೆಯ ಸಾಕೆಟ್ಟಿಗೆ ತುರುಕುವ ಜಾಣರು ಜಿಲ್ಲೆಯ ತುಂಬ ಇದ್ದಾರೆ. ಆ ಕರೆಂಟು ಮೀಟರ್ ದಾಟಿ ಕಂಬಕ್ಕೆ ಹೋಗುತ್ತದೆ, ಟ್ರಾನ್ಸ್‌ಫಾರ್ಮರಿನಲ್ಲಿ ಉಲ್ಟಾ ಏರಿ ಸಾವಿರಾರು ವೋಲ್ಟ್ ಆಗುತ್ತದೆ. ಲೈನ್ ಬಂದ್ ಇದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಅದಕ್ಕೆ ಸಿಕ್ಕರೆ ಕೆಳಗೆ ಬರುವುದು ಹೆಣ. ಅದಕ್ಕೇ ನಮ್ಮ ಓಣಿಯ ಲೈನ್‌ಮನ್ ಕಂಬಕ್ಕೆ ನಿಚ್ಚಣಿಕೆ ಹಚ್ಚುವ ಮೊದಲು ಕಾಕಾನ ಅಂಗಳಕ್ಕೆ ಬಂದು "ಮಾಸ್ತರ್ರ, ಹಿಡಿಕಿ ಎಲ್ಲೈತ್ರಿ?" ಎಂದು ಕೇಳುತ್ತಾನೆ. ಕಾಕಾ ಸೊನ್ನೆಗೆ ಇಳಿಸಿ, ಕೀಲಿ ಹಾಕಿ, ಕೀಲಿಕೈ ಅವನ ಕಿಸೆಗೇ ಹಾಕುತ್ತಾನೆ. ಆ ಹೊತ್ತಿನಲ್ಲಿ ಅವನ ಮುಖದಲ್ಲಿ ಚೇಷ್ಟೆ ಇರುವುದಿಲ್ಲ.

ಉಳಿದ ಹೊತ್ತು ಇರುತ್ತದೆ. 2024ರಲ್ಲಿ ಮನೆಯ ಮೇಲೆ ಸೋಲಾರ್ ಹಾಕಿಸುವ ಸೂರ್ಯಘರ್ ಯೋಜನೆ ಬಂತು, ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ. ಹಿಂದಿನ ಓಣಿಯ ಕಿರಾಣಿ ಸಾಹುಕಾರರು ಹಾಕಿಸಿ ಊರಿಗೆ ಪೇಢೆ ಹಂಚಿದರು. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಕರೆಂಟ್ ಹೋಯಿತು. ತಲೆ ಮೇಲೆ ಮೂರು ಕಿಲೋವ್ಯಾಟ್ ಬಿಸಿಲು ಕಾಯುತ್ತಿದೆ, ಕೆಳಗೆ ಸಾಹುಕಾರರ ಫ್ಯಾನ್ ನಿಂತಿದೆ! ಬೆವರು ಒರೆಸುತ್ತ ಬಂದ ಅವರನ್ನು ಕಾಕಾ ತನ್ನ ಫ್ಯಾನಿನ ಕೆಳಗೆ ಕೂರಿಸಿ, ಮಜ್ಜಿಗೆ ಕೊಟ್ಟು, ಪಾಠ ಶುರು ಮಾಡಿದ. "ನಿಮ್ಮದು ಆನ್‌ಗ್ರಿಡ್ ಸಾಹುಕಾರ್ರ. ಕಂಬದಾಗ ಕರೆಂಟ ಇದ್ರಷ್ಟ ಅದು ಕೆಲಸ ಮಾಡತೈತಿ. ಲೈನ್‌ಮನ್ ಜೀವಕ್ಕ ಧಕ್ಕಿ ಆಗಬಾರದು ಅಂತ ತನ್ನಷ್ಟಕ್ಕ ತಾನ ಬಂದ್ ಆಗತೈತಿ. ಅದು ಕೆಟ್ಟಿಲ್ಲ, ಶ್ಯಾಣೇತನ ಮಾಡೈತಿ." ಸಾಹುಕಾರರಿಗೆ ಶ್ಯಾಣೇತನ ಬೇಕಿರಲಿಲ್ಲ, ಗಾಳಿ ಬೇಕಿತ್ತು. ಕಾಕಾನ ಮಾತಿಗೆ ಮಾತ್ರ ಕರೆಂಟ್ ಬರುವ ತನಕ ತಡೆ ಇರಲಿಲ್ಲ.

ಹೀಗೆ ತನ್ನ ವಿದ್ಯೆ ತೋರಿಸುವ ಅವಕಾಶ ಇತ್ತೀಚೆಗೆ ಕಡಿಮೆಯಾಗಿರುವುದೇ ಕಾಕಾನ ಕೊರಗು. ಒಂದು ಕಾಲಕ್ಕೆ ಊರ ಲೈನೂ ಹೊಲದ ಲೈನೂ ಒಂದೇ. ಹೊಲದ ಮೋಟರುಗಳಿಗೆ ತ್ರೀ ಫೇಸ್ ಬಂದಾಗ ಊರಿಗೂ ಬೆಳಕು, ಹೋದಾಗ ಊರಿಗೂ ಕತ್ತಲೆ. ನಿರಂತರ ಜ್ಯೋತಿ ಯೋಜನೆ ಬಂದು ಎರಡನ್ನೂ ಬೇರೆ ಮಾಡಿತು. ಅತ್ತ ಆಲಮಟ್ಟಿಯಲ್ಲಿ 290 ಮೆಗಾವ್ಯಾಟ್, ಕೂಡಗಿಯಲ್ಲಿ 2,400. ಇಷ್ಟೆಲ್ಲ ಆದ ಮೇಲೆ ಕರೆಂಟ್ ಹೋಗುವುದಾದರೂ ಯಾವಾಗ? ಮೇಲಾಗಿ ಹೋದರೂ ಕಾಕಾನಿಗೆ ಗೊತ್ತಾಗುವುದಿಲ್ಲ. ಹತ್ತಿಪ್ಪತ್ತು ಮಿಲಿಸೆಕೆಂಡಿನಲ್ಲಿ ಇನ್ವರ್ಟರ್ ಬ್ಯಾಟರಿಗೆ ಹೊರಳಿಬಿಡುತ್ತದೆ, ಫ್ಯಾನಿನ ರೆಕ್ಕೆಗೂ ಸುಳಿವು ಹತ್ತುವುದಿಲ್ಲ. ಅದಕ್ಕೆಂದೇ ಬಾಗಿಲ ಮೇಲೆ ಒಂದು ಬಲ್ಬನ್ನು ಇನ್ವರ್ಟರಿಗೆ ಸೇರಿಸದೆ ಸೀದಾ ಕಂಬದ ಕರೆಂಟಿಗೆ ಹಾಕಿಟ್ಟಿದ್ದಾನೆ. ಅದಕ್ಕೆ 'ಸಾಕ್ಷಿ' ಎಂದು ಹೆಸರು. ಕುರ್ಚಿಯನ್ನು ಅದರೆದುರಿಗೇ ಹಾಕಿಕೊಂಡು ಕೂರುತ್ತಾನೆ. ಸಾಕ್ಷಿ ಆರಿದ ಕ್ಷಣಕ್ಕೆ ವಹಿ, ಪೆನ್ನು.

ಕಳೆದ ಮಳೆಗಾಲದಲ್ಲಿ ಕಾಕಾನ ಪುಣ್ಯ ಒದಗಿ ಬಂತು. ಜಿಟಿಜಿಟಿ ಮಳೆ ಹಿಡಿದು ಸೂರ್ಯನ ಮುಖ ಕಂಡಿರಲಿಲ್ಲ, ಎಲ್ಲಿಯೋ ಜಾಲಿ ಗಿಡ ಲೈನ್ ಮೇಲೆ ಬಿತ್ತು. ಸಂಜೆಯ ಹೊತ್ತಿಗೆ ಅರ್ಧ ಓಣಿ ಮೊಬೈಲ್ ಹಿಡಿದು ಕಾಕಾನ ಪಡಸಾಲೆಯಲ್ಲಿ. ಪಡಸಾಲೆ ತುಂಬ ಚಾರ್ಜರಿನ ಬಾಲ. ಬ್ಯಾಟರಿ ಕುಂಯ್ ಕುಂಯ್ ಅಂತ ಬಾಯಿ ಬಿಟ್ಟಿತು. "ಮೂರನೇದನ್ನ ಎಬ್ಬಸೋಣ!" ಅಂದ ಕಾಕಾ.

ಮುಚ್ಚಿದ ಜಾಗದಲ್ಲಿ ಜನರೇಟರ್ ಹಚ್ಚಬಾರದು, ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ಹಾಗಾಗಿ ಅದನ್ನು ಗೂಡಿನಿಂದ ಅಂಗಳಕ್ಕೆ ತಂದರು. ಕೊಡೆ ಜನರೇಟರಿಗೆ, ಮಳೆ ಕಾಕಾನಿಗೆ. ಗರಡಿ ಮನೆಯ ಹುಡುಗನೊಬ್ಬ ಹಗ್ಗ ಎಳೆದ. ಬುಸ್ ಅಂದಿತು. ಚೋಕ್ ಕೊಟ್ಟು ಎಳೆದ, ಮತ್ತೆ ಬುಸ್. ಬನಶಂಕರಿಯನ್ನು ನೆನೆದು ಎಳೆದಾಗ ಡುಗು ಡುಗು ಡುಗು ಎಂದು ಎದ್ದಿತು. ಓಣಿ ಸಿಳ್ಳೆ ಹೊಡೆಯಿತು. ಕಾಕಾ ಹಿಡಿಕೆ ಕೆಳಗಿಳಿಸಿದ. ಇನ್ವರ್ಟರ್ ಒಪ್ಪಲಿಲ್ಲ. ಸಣ್ಣ ಜನರೇಟರಿನ ಕರೆಂಟಿಗೆ ಒಂದೇ ಓಟವಿಲ್ಲ, ಭಾರ ಬಿದ್ದಾಗ ಕುಗ್ಗುತ್ತದೆ, ತೆಗೆದಾಗ ಹಿಗ್ಗುತ್ತದೆ. ಕಂಪ್ಯೂಟರಿಗೆ ಬೇಕಾದ ನುಣುಪು ಕರೆಂಟನ್ನಷ್ಟೇ ಒಳಬಿಡುವಂತೆ ಇನ್ವರ್ಟರನ್ನು ಯುಪಿಎಸ್ ಮೋಡಿನಲ್ಲಿ ಕೂರಿಸಿದವನು ಕಾಕಾನೇ.

ಕನ್ನಡಕ ಒರೆಸಿ, ಮೊಬೈಲ್ ಬೆಳಕಿನಲ್ಲಿ ಗುಂಡಿ ಒತ್ತಿ ಒತ್ತಿ ಅಪ್ಲಯನ್ಸ್ ಮೋಡಿಗೆ ತಂದ. ಟಿಕ್ ಎಂದು ಒಪ್ಪಿತು. ಒಪ್ಪಿದ್ದೇ ತಡ, ಹಸಿದ ಬ್ಯಾಟರಿ 60 ಆಂಪಿಯರ್ ಎಳೆಯಿತು. ಅಂದರೆ ಹದಿನಾರು ನೂರು ವ್ಯಾಟಿನ ಮೇಲೆ. ಜನರೇಟರಿನ ತಾಕತ್ತು ಅದರ ಅರ್ಧ. ಡುಗು... ಡುಗ್... ನಿಂತೇಹೋಯಿತು. "ಚಾರ್ಜಿಂಗ್ ಇಪ್ಪತ್ತಕ್ಕ ಇಳಸಬೇಕೋ!" ಮತ್ತೆ ಗುಂಡಿ, ಮತ್ತೆ ಹಗ್ಗ, ಮತ್ತೆ ಬನಶಂಕರಿ. ಈ ಸಲ ಎಲ್ಲ ಕೂಡಿ ಬಂತು. ಜನರೇಟರ್ ಹದವಾಗಿ ಓಡಿತು, ಇನ್ವರ್ಟರ್ ಒಪ್ಪಿತು, ಬ್ಯಾಟರಿ ಉಣ್ಣತೊಡಗಿತು. ಕಾಕಾ ತಲೆ ಒರೆಸಿಕೊಳ್ಳದೆ ಎಲ್ಲರ ಮುಖ ನೋಡಿದ.

ಸಾಕ್ಷಿ ಹತ್ತಿತು.

"ಬಂತೋ!" ಎಂದು ಓಣಿಯೆಲ್ಲ ಕೂಗಿತು. ಪಡಸಾಲೆಯವರು ಚಾರ್ಜರ್ ಕಿತ್ತುಕೊಂಡು ಎದ್ದರು. ಧಾರಾವಾಹಿ ಶುರುವಾಗುವ ಹೊತ್ತು, ಯಾರಿಗೂ ನಿಲ್ಲಲು ಪುರಸೊತ್ತಿರಲಿಲ್ಲ. ಕಾಕಾ ಹಿಡಿಕೆ ಮೇಲೆತ್ತಿದ, ಜನರೇಟರನ್ನು ಮಾತ್ರ ಬಂದ್ ಮಾಡಲಿಲ್ಲ. ಪೆಟ್ರೋಲಿನ ಕಾಕ್ ಮುಚ್ಚಿ, ಪಕ್ಕದಲ್ಲೇ ಕೊಡೆ ಹಿಡಿದು ನಿಂತ.

"ಕಾಕಾ, ಕರೆಂಟ ಬಂತಲ್ರಿ, ಇನ್ನ್ಯಾಕ?" ಅಂದೆ.

"ಕಾರ್ಬುರೇಟರ್‌ನ್ಯಾಗ ಉಳದ ಎಣ್ಣಿ ಸುಡಲಿ ತಮ್ಮಾ, ಉಳದ್ರ ಅಂಟು ಕಟ್ಟತೈತಿ. ಇನ್ನೈದು ನಿಮಿಷ ಓಡ್ಲಿ ಬಿಡು."

ಒಳಗೆ ಚಿಗವ್ವ ನೆನೆಹಾಕಿದ ಉದ್ದಿನಬೇಳೆ ಸುರಿದು ಮಿಕ್ಸರ್ ಹಚ್ಚಿದಳು. ಜನರೇಟರಿನ ಸದ್ದಿಗಿಂತ ಜೋರಾಗಿಯೇ ಹಚ್ಚಿದಳು.