ಹನ್ನೆರಡು ವೋಲ್ಟಿನ ಅಂಗಳ

ಹಲಗೇರಿ ಕಡೆ ಹೊಸ ಮನೆಯ ಅಂಗಳಕ್ಕೆ ದೀಪ ಹಾಕಿಸಲು ಮೊದಲು ವಾಯರ್‌ಮನ್ ಸಿಗಬೇಕು. ಸಿಕ್ಕವನು ‘ನಾಳೆ ಬರ್ತೀನ್ರಿ’ ಎನ್ನುತ್ತಾನೆ. ಆ ನಾಳೆ ಯಾವ ಪಂಚಾಂಗದಲ್ಲೂ ಇರುವುದಿಲ್ಲ. ಬಂದ ಮೇಲೆ ‘ಎಷ್ಟು ದೀಪ?’ ಎಂದಷ್ಟೇ ಕೇಳುವವನು ಸಾಮಾನ್ಯ. ‘ಕಡೇ ದೀಪ ಎಷ್ಟು ದೂರ?’ ಎನ್ನುವವನು ತಜ್ಞ.

ಕಾರಣವಿದೆ. ಅಂಗಳದ ದೀಪಗಳಿಗಾಗಿ ಹೆಸ್ಕಾಂ ಕರೆಂಟಿನ 230 ವೋಲ್ಟನ್ನು ಟ್ರಾನ್ಸ್‌ಫಾರ್ಮರ್ 12ಕ್ಕೆ ಇಳಿಸುತ್ತದೆ. ಶಾಕಿನ ಭಯ ತಗ್ಗುತ್ತದೆ, ಕರೆಂಟು ಮಾತ್ರ ಹೆಚ್ಚುತ್ತದೆ: 60 ವ್ಯಾಟಿಗೆ 5 ಆಂಪಿಯರ್. 1.5 ಚದರ ಮಿಮೀ ತಾಮ್ರದ ತಂತಿಯಲ್ಲಿ 30 ಮೀಟರ್ ದಾಟುವಷ್ಟರಲ್ಲಿ ಸುಮಾರು ಮೂರೂವರೆ ವೋಲ್ಟ್ ದಾರಿಖರ್ಚು. ಗೇಟಿನ ದೀಪ ಮದುವೆಯೂಟದ ಕಡೇ ಪಂಕ್ತಿಯವರಂತೆ ಸಪ್ಪೆ ಮೋರೆ ಹಾಕುತ್ತದೆ. ದಪ್ಪ ತಂತಿ, ನಡುಮಧ್ಯೆ ಟ್ರಾನ್ಸ್‌ಫಾರ್ಮರ್ ಇದಕ್ಕೆ ಮದ್ದು.

ತಂತಿ ಹೂಳುವ ಎರೆಮಣ್ಣಿನದು ಬೇರೆಯೇ ತಕರಾರು. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ಉಬ್ಬುತ್ತದೆ. ಬಿಗಿಯಾಗಿ ಹೂತ ತಂತಿಯನ್ನು ಎಳೆದಾಡುತ್ತದೆ. ಪೈಪಿನೊಳಗೆ ತಂತಿ ಸಡಿಲವಾಗಿರಬೇಕು, ಜಾಯಿಂಟಿಗೆ ನೀರಿಳಿಯದ ಡಬ್ಬಿ ಬೇಕು. ಟೇಪು ಸುತ್ತಿ ‘ಏನೂ ಆಗಲ್ರೀ’ ಎಂದಲ್ಲಿ ಮೊದಲ ಮಳೆಗೇ ಏನೋ ಆಗುತ್ತದೆ.

ಕಡೇ ಕಂತಿನ ಹಣವನ್ನು ಕತ್ತಲಾದ ಮೇಲೆ, ಕೊನೆಯ ದೀಪಕ್ಕೆ ಮೀಟರ್ ಹಿಡಿಸಿ ಕೊಡುವುದು ಜಾಣತನ. ಹಗಲಿನಲ್ಲಿ ಎಲ್ಲರ ಕೆಲಸವೂ ಚೆನ್ನಾಗಿಯೇ ಕಾಣುತ್ತದೆ.