ಪ್ಲಾನ್ ಅಂಕಲ್ ಮತ್ತು ಸ್ಯಾಂಟೊರಿನಿ

ಪ್ಲಾನ್ ಅಂಕಲ್ ಅನ್ನುವುದು ಅಪಾರ್ಟ್‌ಮೆಂಟಿನ ಮಕ್ಕಳು ಇಟ್ಟ ಹೆಸರು. ಬ್ಯಾಂಕಿನಿಂದ ನಿವೃತ್ತರಾದ ದಿನ, ಕೊರಳಲ್ಲಿದ್ದ ಹಾರ ತೆಗೆಯುವ ಮೊದಲೇ ಅವರು ಹೆಂಡತಿಗೆ ಮಾತು ಕೊಟ್ಟಿದ್ದರು: ‘ಗ್ರೀಸಿನ ಒಂದು ದ್ವೀಪ ತೋರಿಸ್ತೀನಿ, ನೋಡ್ತಿರು.’ ಆಂಟಿ ನಾಲ್ಕು ವರ್ಷದಿಂದ ನೋಡುತ್ತಲೇ ಇದ್ದಾರೆ. ಎಕ್ಸೆಲ್ ಶೀಟು ಹದಿನೇಳನೆಯ ಆವೃತ್ತಿಗೆ ಬಂದಿದೆ. ಪಾಸ್‌ಪೋರ್ಟುಗಳು ಮಾತ್ರ ಹೊಸ ನೋಟಿನ ಕಟ್ಟಿನ ಹಾಗೆ ಗರಿಗರಿಯಾಗಿವೆ.

ಮೊದಲ ವರ್ಷ ದ್ವೀಪ ಆರಿಸುವುದಕ್ಕೇ ಹೋಯಿತು. ಬಂಡೆ, ನಡುಗಡ್ಡೆಗಳನ್ನೆಲ್ಲ ಸೇರಿಸಿದರೆ ಗ್ರೀಸಿನಲ್ಲಿ ಸುಮಾರು 6,000 ದ್ವೀಪಗಳಿವೆ. ಜನ ವಾಸವಾಗಿರುವುದು ಇನ್ನೂರಿಪ್ಪತ್ತು ಚಿಲ್ಲರೆ. ಹೆಣ್ಣು ನೋಡಲು ಹೋದ ಗಂಡಿನ ಕಡೆಯವರಂತೆ ಅಂಕಲ್ ಒಂದೊಂದರಲ್ಲೂ ಒಂದು ಕೊಂಕು ತೆಗೆದರು. ಕ್ರೀಟ್ ತೀರಾ ದೊಡ್ಡದು: ‘ಎರಡು ಕೊಡಗಿನಷ್ಟಿದೆ ಕಣೇ, ಸುತ್ತಿ ಮುಗಿಸೋದು ಯಾವಾಗ?’ ಹೈಡ್ರಾದಲ್ಲಿ ಕಾರುಗಳಿಲ್ಲ, ಸಾಮಾನು ಹೊರುವುದು ಹೇಸರಗತ್ತೆ. ಮಿಕೊನೊಸ್‌ನಲ್ಲಿ ರಾತ್ರಿಯೆಲ್ಲ ಡ್ಯಾನ್ಸು. ಜನ ತೊಂಬತ್ತು ದಾಟಿ ಬಾಳುತ್ತಾರೆಂದು ಹೆಸರಾದ ಇಕಾರಿಯಾ ಒಂದು ವಾರ ಮನಸ್ಸಿನಲ್ಲಿತ್ತು. ಅಷ್ಟು ವರ್ಷಕ್ಕೆ ಮೆಡಿಕ್ಲೇಮ್ ಪ್ರೀಮಿಯಂ ಎಷ್ಟಾಗುತ್ತದೆಂದು ಲೆಕ್ಕ ಹಾಕಿದ ಮೇಲೆ ಅದೂ ಹೋಯಿತು. ಕೊನೆಗೆ ಬಂದು ನಿಂತದ್ದು ಎಲ್ಲರೂ ಹೋಗುವ ಸ್ಯಾಂಟೊರಿನಿಗೇ.

ಆಮೇಲೆ ದಿನಾಂಕ. ಜುಲೈ, ಆಗಸ್ಟಿನಲ್ಲಿ ಉತ್ತರದಿಂದ ಮೆಲ್ಟೆಮಿ ಗಾಳಿ ಬೀಸುತ್ತದೆ, ಜೋರಾದರೆ ಹಡಗು ಬಿಡುವುದಿಲ್ಲ. ಚಳಿಗಾಲದಲ್ಲಿ ಅರ್ಧಕ್ಕರ್ಧ ಹೋಟೆಲುಗಳು ಬಾಗಿಲು ಹಾಕಿರುತ್ತವೆ. ಉಳಿದದ್ದು ಮೇ ಮತ್ತು ಸೆಪ್ಟೆಂಬರ್. ‘ಮೇನಲ್ಲಿ ಉಪ್ಪಿನಕಾಯಿ ಹಾಕ್ಬೇಕು, ಸೆಪ್ಟೆಂಬರಲ್ಲಿ ಪಿತೃಪಕ್ಷ,’ ಅಂದರು ಆಂಟಿ. ಶೀಟಿನಲ್ಲಿ ಎರಡೂ ತಿಂಗಳು ಹಳದಿಯಾದವು.

ವೀಸಾ ಕಾಗದಗಳನ್ನು ಕಂಡರೆ ಮಿಕ್ಕವರಿಗೆ ತಲೆನೋವು, ಅಂಕಲ್‌ಗೆ ಹಬ್ಬ. ಷೆಂಗೆನ್ ವೀಸಾಕ್ಕೆ 90 ಯೂರೊ ಶುಲ್ಕ, ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ, ಅರ್ಜಿ ಹಾಕುವುದು ಹೊರಡುವುದಕ್ಕೆ ಆರು ತಿಂಗಳಿಗಿಂತ ಮೊದಲಲ್ಲ, ಹದಿನೈದು ದಿನಕ್ಕಿಂತ ತಡವಲ್ಲ. ಮೂವತ್ತೈದು ವರ್ಷ ಬೇರೆಯವರ ಸಾಲದ ಅರ್ಜಿ ವಾಪಸ್ ಕಳಿಸಿದ ಕೈ. ತಮ್ಮದೇ ಬ್ಯಾಂಕ್ ಸ್ಟೇಟ್‌ಮೆಂಟನ್ನು ಕೆಂಪು ಪೆನ್ನು ಹಿಡಿದು ಓದಿ, ತಮ್ಮ ಅರ್ಜಿಯನ್ನು ತಾವೇ ಎರಡು ಸಲ ತಿರಸ್ಕರಿಸಿದರು.

ಅಷ್ಟರಲ್ಲಿ 2025ರ ಫೆಬ್ರವರಿ ಬಂತು. ಸ್ಯಾಂಟೊರಿನಿ ಸುತ್ತ ಭೂಮಿ ಬಿಡದೆ ನಡುಗಿ ಹತ್ತು ಸಾವಿರಕ್ಕೂ ಹೆಚ್ಚು ಜನ ದ್ವೀಪ ಬಿಟ್ಟರು. ಅಂಕಲ್ ಟಿ.ವಿ. ಮುಂದೆ ನೆಟ್ಟಗೆ ಕೂತರು. ‘ನೋಡಿದ್ಯಾ? ಟಿಕೆಟ್ ತಗೊಂಡಿದ್ರೆ?’

ಹಡಗಿನದೇ ಒಂದು ಪ್ರತ್ಯೇಕ ಹಾಳೆ. ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ದೊಡ್ಡ ಹಡಗಿಗೆ ಸುಮಾರು ಎಂಟು ಗಂಟೆ, ವೇಗದ್ದಕ್ಕೆ ಐದು. ವೇಗದ್ದರಲ್ಲಿ ಒಳಗೇ ಕೂರಬೇಕು. ‘ದುಡ್ಡು ಜಾಸ್ತಿ, ಸಮುದ್ರ ಕಮ್ಮಿ,’ ಎಂದು ಅದನ್ನು ಹೊಡೆದು ಹಾಕಿದರು. ಫಿರಾ ಊರಿಗೆ ಹಳೇ ಬಂದರಿನಿಂದ 588 ಮೆಟ್ಟಿಲು ಎಂದು ಓದಿದ ದಿನ ಲಿಫ್ಟ್ ಬಿಟ್ಟರು. ಬೆಳಿಗ್ಗೆ ಐದೂವರೆಗೆ ಮಂಕಿಕ್ಯಾಪ್ ತೊಟ್ಟು, ಬಾಯಲ್ಲಿ ಎಣಿಸುತ್ತಾ ಏಳು ಮಹಡಿ ಹತ್ತಿ ಇಳಿಯುವರು. ಹಾಲಿನವನು ಅಡ್ಡ ಬಂದರೆ ಎಣಿಕೆ ತಪ್ಪಿ ಮತ್ತೆ ಒಂದರಿಂದ. ಹನ್ನೊಂದನೆಯ ದಿನ ತಿಳಿಯಿತು, ಅಥೆನ್ಸಿನ ಹಡಗು ನಿಲ್ಲುವುದು ಹಳೇ ಬಂದರಿನಲ್ಲಲ್ಲ, ಅಥಿನಿಯೊಸ್ ಎಂಬ ಇನ್ನೊಂದರಲ್ಲಿ. ಅಲ್ಲಿಂದ ಬಸ್ಸಿದೆ.

ಹೀಗಿರುವಾಗ ಮೂರನೆಯ ಮಹಡಿಯ ಹುಡುಗ ಹುಡುಗಿ, ಮದುವೆಯಾಗಿ ವರ್ಷ ತುಂಬಿರಲಿಲ್ಲ, ಸದ್ದಿಲ್ಲದೆ ಸ್ಯಾಂಟೊರಿನಿಗೆ ಹೋಗಿ ಬಂದುಬಿಟ್ಟರು. ಅಂಕಲ್ ಆಡಿಟ್‌ಗೆ ಕೂತರು.

‘ಓಯಾದಲ್ಲಿ ಸೂರ್ಯಾಸ್ತ ಸೂಪರ್ ಅಂಕಲ್!’

‘ಓಯಾ ಅಲ್ಲಮ್ಮ, ಬರೆಯೋದು ಹಾಗೆ. ಅನ್ನೋದು ಈಯಾ. ಆಕ್ರೊತಿರಿ ನೋಡಿದ್ರಾ?’

ಅವರು ಮುಖ ಮುಖ ನೋಡಿಕೊಂಡರು. ಅಂಕಲ್ ಕಣ್ಣು ಮುಚ್ಚಿ ಹೇಳತೊಡಗಿದರು. ಸುಮಾರು 3,600 ವರ್ಷದ ಹಿಂದೆ ಜ್ವಾಲಾಮುಖಿ ಸಿಡಿದು ಇಡೀ ಪಟ್ಟಣ ಬೂದಿಯಡಿ ಹೂತುಹೋದದ್ದು, 1967ರಲ್ಲಿ ಮರಿನಾಟೊಸ್ ಉತ್ಖನನ ಶುರುಮಾಡಿದ್ದು, ಎರಡು ಮೂರು ಅಂತಸ್ತಿನ ಮನೆಗಳು, ಗೋಡೆಯ ಚಿತ್ರಗಳು. ಹುಡುಗಿ ಗಲ್ಲಕ್ಕೆ ಕೈ ಕೊಟ್ಟು ಕೇಳಿದಳು. ‘ಅಂಕಲ್, ನೀವು ಹೋಗಿದ್ದು ಯಾವ ವರ್ಷ?’

ಅಡುಗೆಮನೆಯಲ್ಲಿ ಲೋಟವೊಂದು ಬಿತ್ತು.

ಅವರು ತಂದುಕೊಟ್ಟದ್ದು ಫಾವ, ಅಲ್ಲಿನ ಹಳದಿ ಬೇಳೆ. ‘ನಮ್ಮ ಕೇಸರಿಬೇಳೆಯ ದಾಯಾದಿ. ನುಣ್ಣಗೆ ಬೇಯಿಸಿ ಆಲಿವ್ ಎಣ್ಣೆ, ಈರುಳ್ಳಿ ಹಾಕ್ತಾರೆ,’ ಎಂದು ಅಂಕಲ್ ವಿವರಿಸುತ್ತಿದ್ದಂತೆ ಆಂಟಿ ಕುಕ್ಕರ್ ಕೂಗಿಸಿ, ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟು, ನಿಂಬೆಹಣ್ಣು ಹಿಂಡಿ ತೊವ್ವೆ ಮಾಡಿ ಮುಗಿಸಿದ್ದರು. ಅಂಕಲ್ ಮೂರು ಸಲ ಅನ್ನ ಕಲಸಿಕೊಂಡರು. ಕೈ ತೊಳೆದವರೇ ಲ್ಯಾಪ್‌ಟಾಪ್ ತೆರೆದು ‘ಸ್ಥಳೀಯ ಊಟ: ಫಾವ’ ಎಂಬ ಸಾಲಿಗೆ ಹಸಿರು ಬಣ್ಣ ತುಂಬಿದರು. ನಾಲ್ಕು ವರ್ಷದಲ್ಲಿ ಮೊದಲ ಹಸಿರು.

‘ರೀ, ಇನ್ನೆಷ್ಟು ಸಾಲು ಉಳಿದಿದೆ?’ ಕಟ್ಟೆ ಒರೆಸುತ್ತಾ ಆಂಟಿ ಕೇಳಿದರು.

‘ಇನ್ನೂರ ಹನ್ನೊಂದು.’